ಮರಳು ಮೂಟೆ ಟೆಸ್ಟ್ ಪಾಸಾದ ಫೈಬರ್ ಫ್ಯಾನ್ ಬ್ಲೇಡು ಬುಡದಲ್ಲೇ ಬಿಟ್ಕೊಂಡಿದೆ, ಒಳಗಿನ ಗುಳ್ಳೆ ಕಾರಣನಾ?

ಹುಣಸೆ_ಗೋದಾಮು
ಎಲ್ರಿಗೂ ನಮಸ್ಕಾರ. ತುಮಕೂರು ಹತ್ರ ಒಂದು ಕೋಲ್ಡ್ ಸ್ಟೋರೇಜಲ್ಲಿ ಮೆಂಟೇನೆನ್ಸ್ ನೋಡ್ಕೊತೀನಿ, ಜಾಸ್ತಿ ಹುಣಸೆಹಣ್ಣೇ. ಅಮೋನಿಯಾ ಪ್ಲಾಂಟು, ಮೇಲ್ಗಡೆ ಕೂಲಿಂಗ್ ಟವರ್, ಅದಕ್ಕೆ ನಾಲ್ಕು ಬ್ಲೇಡಿನ ಫ್ಯಾನು, ಸುಮಾರು 5 ಅಡಿ ವ್ಯಾಸ, 480 ಆರ್‌ಪಿಎಂ. ಹಳೇ ಬ್ಲೇಡು ಸವೆದು ಹೋಗಿತ್ತು ಅಂತ ಲೋಕಲ್ಲಾಗಿ ಒಬ್ಬರ ಹತ್ರ ಹೊಸ ಫೈಬರ್ ಬ್ಲೇಡ್ ಮಾಡಿಸಿದ್ವಿ (ಯಾರು ಅಂತ ಕೇಳ್ಬೇಡಿ, ಹೇಳಲ್ಲ). ತಗೊಳ್ಳುವಾಗ ನಮ್ಮೆದುರಿಗೇ ಬುಡ ಕ್ಲಾಂಪ್ ಮಾಡಿ ಬ್ಲೇಡ್ ಮೇಲೆ ಮರಳು ಮೂಟೆ ಪೇರಿಸಿದ್ರು, ಗಾಳಿ ಲೋಡಿನ ಮೂರು ಪಟ್ಟು ಅಂದ್ರು, ಏನೂ ಆಗ್ಲಿಲ್ಲ, ಸಂತೋಷವಾಗಿ ತಂದು ಹಾಕಿದ್ವಿ.

ಬೇಸಿಗೆಯಲ್ಲಿ ದಿನಕ್ಕೆ 20 ಗಂಟೆ ಓಡ್ತು. ಈಗ ನೋಡಿದ್ರೆ ಎರಡು ಬ್ಲೇಡಲ್ಲಿ ಬುಡದ ಹತ್ರ ಬೆಳ್ಳಗಾಗಿದೆ, ಒಂದರಲ್ಲಿ ಅಂಚು ಪದರ ಪದರವಾಗಿ ಬಿಟ್ಕೊಂಡಿದೆ, ಉಗುರು ಹೋಗುತ್ತೆ. ಒಳಗೆ ಗುಳ್ಳೆಗಳು ಕಾಣ್ತಿವೆ. ಮಾಡಿದವ್ರನ್ನ ಕೇಳಿದ್ರೆ ಗುಳ್ಳೆ ಎಲ್ಲಾ ಫೈಬರಲ್ಲೂ ಇರುತ್ತೆ ಸಾರ್, ಅದರಿಂದ ಸ್ಟ್ರೆಂತ್ ಏನೂ ಕಮ್ಮಿ ಆಗಲ್ಲ, ನೀವೇ ನೋಡಿದ್ರಲ್ಲ ಟೆಸ್ಟು ಅಂತಾರೆ. ಅದೂ ನಿಜಾನೇ ಅಲ್ವಾ, ನಾನೇ ನೋಡಿದ್ದೀನಿ. ಹಂಗಾದ್ರೆ ಯಾಕೆ ಹೋಯ್ತು? ಗೊತ್ತಿರೋರು ಹೇಳಿ.

ಕ್ಯಾತ್ಸಂದ್ರದವ್ನು
ಮೊದ್ಲು ಫ್ಯಾನ್ ಆಫ್ ಮಾಡಿ ಸ್ವಾಮಿ, ಆಮೇಲೆ ಪೋಸ್ಟ್ ಹಾಕಿ

ಹುಣಸೆ_ಗೋದಾಮು
ಆಫ್ ಮಾಡೇ ಕೂತಿದ್ದೀನಿ ಅಣ್ಣ. ಟವರಿನ ಇನ್ನೊಂದು ಸೆಲ್ (ಬೇರೆ ಫ್ಯಾನ್ ಇರೋ ಭಾಗ) ಮೇಲೆ ಓಡ್ತಿದೆ, ಪ್ರೆಶರ್ ಏರ್ತಿದೆ, ಓನರ್ ಫೋನೂ ಏರ್ತಿದೆ.

ಹಳೇ_ಫಿಟ್ಟರ್
ಗುಳ್ಳೆ ಗಿಳ್ಳೆ ಎಲ್ಲಾ ಆಮೇಲೆ. ಬ್ಲೇಡ್ ಆಂಗಲ್ ಎಷ್ಟು ಇಟ್ಟಿದ್ದೀರ? ಗಾಳಿ ಜಾಸ್ತಿ ಬರ್ಲಿ ಅಂತ ಎಲ್ರೂ ಆಂಗಲ್ ಎತ್ತಿಬಿಡ್ತಾರೆ, ಮೋಟರ್ ಆಂಪ್ಸ್ ನೋಡಲ್ಲ. ಯು ಬೋಲ್ಟ್ ಟೈಟಾಗಿತ್ತಾ? ಬುಡ ಕ್ಲಾಂಪಲ್ಲಿ ಅಲ್ಲಾಡಿದ್ರೆ ಎಂಥಾ ಬ್ಲೇಡ್ ಆದ್ರೂ ತಿಂದುಹಾಕುತ್ತೆ. ನನ್ನ ಸರ್ವಿಸಲ್ಲಿ ನೋಡಿದ ಫ್ಯಾನ್ ಫೇಲ್ಯೂರ್‌ಗಳಲ್ಲಿ ಅರ್ಧಕ್ಕರ್ಧ ಬೋಲ್ಟಿಂದೇ.

ಹುಣಸೆ_ಗೋದಾಮು
ಆಂಗಲ್ ಹಳೇ ಬ್ಲೇಡಿಂದೇ, ಆಂಪ್ಸ್ ನೇಮ್‌ಪ್ಲೇಟ್‌ಗಿಂತ ಕಮ್ಮಿ ಇದೆ ಸಾರ್, ಲಾಗ್‌ಬುಕ್ಕಲ್ಲಿ ಬರೆದಿದೆ. ಬೋಲ್ಟ್ ಟಾರ್ಕ್ ರೆಂಚಲ್ಲೇ ಹಾಕಿದ್ದು, ಬಿಚ್ಚುವಾಗ್ಲೂ ಟೈಟಾಗೇ ಇತ್ತು.

ಕಾಂಪೊಸಿಟ್_ಮೇಡಂ
ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಕಲೆಸಿಹೋಗಿವೆ. ಮೂಟೆ ಟೆಸ್ಟು ನೋಡಿದ್ದು ಒಂದು ಸಲದ ಲೋಡು, ಒಂದೇ ದಿಕ್ಕಲ್ಲಿ. ಫ್ಯಾನ್ ಮಾಡ್ತಿರೋದು ಬೇರೆ ಕೆಲಸ. ಲೆಕ್ಕ ಹಾಕಿ: 480 ಆರ್‌ಪಿಎಂ ಅಂದ್ರೆ ಗಂಟೆಗೆ 28,800 ಸುತ್ತು, 20 ಗಂಟೆಗೆ 5.76 ಲಕ್ಷ. ಮೋಟರ್ ಕೂರೋ ತೊಲೆ ಫ್ಯಾನ್ ಕೆಳಗೆ ಅಡ್ಡಡ್ಡ ಹೋಗಿದ್ರೆ ಒಂದು ಸುತ್ತಲ್ಲಿ ಪ್ರತಿ ಬ್ಲೇಡು ಅದರ ಮೇಲೆ ಎರಡು ಸಲ ದಾಟುತ್ತೆ, ದಾಟಿದಾಗೆಲ್ಲ ಗಾಳಿ ಲೋಡು ಬದಲಾಗಿ ಬ್ಲೇಡು ಒಂಚೂರು ಬಾಗಿ ಏಳುತ್ತೆ. ಒಂದೊಂದು ಸುತ್ತಿಗೆ ಒಂದೇ ಸಲ ಅಂತ ಇಟ್ಕೊಂಡ್ರೂ 18 ದಿನ ತುಂಬೋದ್ರೊಳಗೆ ಒಂದು ಕೋಟಿ ದಾಟಿತು.

ಈಗ ಗ್ಲಾಸ್ ಫೈಬರ್ ಗುಣ ಏನಂದ್ರೆ, ಸ್ಟೀಲ್ ಥರ ಇಷ್ಟರ ಕೆಳಗೆ ಎಷ್ಟು ಸಲ ಬಾಗಿಸಿದ್ರೂ ಏನೂ ಆಗಲ್ಲ ಅನ್ನೋ ಗೆರೆ ಇದಕ್ಕೆ ಇಲ್ಲ. ಒಳ್ಳೇ ಲ್ಯಾಮಿನೇಟಿಗೂ (ಗ್ಲಾಸ್ ಎಳೆ ಪದರಗಳನ್ನ ರೆಸಿನ್ ಅನ್ನೋ ಅಂಟಲ್ಲಿ ಕೂಡಿಸಿದ್ದು) ಸುಮಾರು ಲೆಕ್ಕ ಹಿಂಗೆ: ಸುತ್ತಿನ ಸಂಖ್ಯೆ 10 ಪಟ್ಟು ಆದಾಗೆಲ್ಲ ಮೊದಲಿನ ಸ್ಟ್ರೆಂತಿನ 10 ಪರ್ಸೆಂಟ್ ಇಳಿಯುತ್ತೆ. ಒಂದು ಕೋಟಿಗೆ ಏಳು ಸೊನ್ನೆ, ಅಲ್ಲಿಗೆ 70 ಹೋಗಿ 30 ಪರ್ಸೆಂಟ್ ಉಳೀತು. ನಿಮ್ಮ ಮೂರು ಪಟ್ಟು ಮೂಟೆ ಇದೆಯಲ್ಲ, ಅದು ಅಲ್ಲಿಗೆ ಮುಗಿದೇ ಹೋಯ್ತು. ಇದು ಡಿಫೆಕ್ಟೇ ಇಲ್ಲದ ಮಾಲಿನ ಕಥೆ!

ಗುಬ್ಬಿ_ಹುಡುಗ
ಮೇಡಂ ಡಿಫೆಕ್ಟ್ ಇರೋದಾದ್ರೆ? ಮೊಂಟಾನಾ ಸ್ಟೇಟ್ ಯೂನಿವರ್ಸಿಟಿ, ಸ್ಯಾಂಡಿಯಾ ಲ್ಯಾಬ್ ಸೇರಿ ವಿಂಡ್‌ಮಿಲ್ ಬ್ಲೇಡಿಗಾಗಿ ಮಾಡಿರೋ ಫಟೀಗ್ (ಪದೇ ಪದೇ ಲೋಡ್ ಬಿದ್ದು ದಣಿಯೋದು) ಡೇಟಾಬೇಸ್ ನಮ್ಮ ಸೆಮಿನಾರಿಗೆ ಓದಿದ್ದೆ. ಅದ್ರಲ್ಲಿ ಕೆಟ್ಟ ಲ್ಯಾಮಿನೇಟಿಗೆ 10ರ ಬದಲು 14 ಪರ್ಸೆಂಟ್ ಅಂತ ಇದೆ. 14 ಏಳ್ಲಿ 98, ಅಂದ್ರೆ ಕೋಟಿ ಸುತ್ತಿಗೆ ಉಳಿಯೋದು 2 ಪರ್ಸೆಂಟಾ???

ಕಾಂಪೊಸಿಟ್_ಮೇಡಂ
ಅಷ್ಟು ದೂರ ಗೆರೆ ಎಳೀಬೇಡಪ್ಪ. ಅದು ಟೆಸ್ಟ್ ಮಾಡಿದ ಸುತ್ತುಗಳ ಮಧ್ಯಕ್ಕೆ ಹೊಂದಿಸಿದ ಗೆರೆ, ಕೆಳಗೆ ಹೋಗ್ತಾ ಹೋಗ್ತಾ ಬಾಗುತ್ತೆ, ಸೊನ್ನೆ ಮುಟ್ಟಲ್ಲ. 10 ಲಕ್ಷ ಸುತ್ತಿಗೆ ಹೋಲಿಸು: ಒಳ್ಳೇದು 40 ಪರ್ಸೆಂಟಲ್ಲಿ ನಿಲ್ಲುತ್ತೆ, ಕೆಟ್ಟದ್ದು 16ರಲ್ಲಿ. ಇನ್ನೊಂದು, ಆ 14 ಬಂದಿದ್ದು ಗುಳ್ಳೆಯಿಂದ ಅಲ್ಲ, ಬಿಗಿಯಾಗಿ ಹೊಲಿದ ಬಟ್ಟೆಯಲ್ಲಿ ಫೈಬರ್ ಅಂಶ ಒಂದು ಮಟ್ಟ ದಾಟಿ ತುಂಬಿದಾಗ. ಸ್ಟ್ಯಾಟಿಕ್ ಟೆಸ್ಟಲ್ಲಿ (ಒಂದೇ ಸಲದ ಲೋಡು) ಆ ಲ್ಯಾಮಿನೇಟ್‌ಗಳು ಚೆನ್ನಾಗೇ ಇದ್ವು, ಅದೇ ನೋಡು ತಮಾಷೆ.

ರೋಲರ್_ಕೈ
ವಸಂತನರಸಾಪುರದಲ್ಲಿ ಎಫ್‌ಆರ್‌ಪಿ, ಅಂದ್ರೆ ಇದೇ ಗ್ಲಾಸ್ ಫೈಬರ್ ಕೆಲಸ ಮಾಡೋನು ನಾನು. ಮಾಡಿದವ್ರ ಪರ ಎರಡು ಮಾತು ಹೇಳ್ತೀನಿ ಬೈಕೊಳ್ಬೇಡಿ. ಕೈಯಲ್ಲಿ ಲೇಅಪ್ ಮಾಡಿದ್ರೆ ಗುಳ್ಳೆ ಇಲ್ದಂಗೆ ಮಾಡೋಕೆ ಆಗಲ್ಲ. ಗ್ಲಾಸ್ ಮ್ಯಾಟ್ ಹಾಸಿ ರೆಸಿನ್ ಹೊಡೆದು ರೋಲರ್ ಎಳೀತೀವಿ, ಗಾಳಿ ಎಷ್ಟು ಬರುತ್ತೋ ಅಷ್ಟು. ಮೇ ತಿಂಗಳಲ್ಲಿ ಶೀಟ್ ಶೆಡ್ಡಲ್ಲಿ ರೆಸಿನ್ ಕೈಯಲ್ಲೇ ಜೆಲ್ ಆಗಿಬಿಡುತ್ತೆ, ರೋಲರ್ ಎಳೆಯೋಕೆ ಟೈಮೇ ಇರಲ್ಲ, ಅದಕ್ಕೆ ಕೆಲವ್ರು ರೆಸಿನ್ ಗಟ್ಟಿ ಮಾಡೋ ಕ್ಯಾಟಲಿಸ್ಟ್ 1 ಪರ್ಸೆಂಟಿಗಿಂತ ಕಮ್ಮಿ ಹಾಕ್ತಾರೆ, ಆಗ ಒಳಗೆ ಸರಿಯಾಗಿ ಕ್ಯೂರ್ ಆಗಲ್ಲ. ಮಳೆಗಾಲದಲ್ಲಿ ಮ್ಯಾಟೇ ತೇವ ಹಿಡಿದಿರುತ್ತೆ, ರೆಸಿನ್ ಸರಿಯಾಗಿ ಕುಡಿಯಲ್ಲ. ಹಿಂಗೆ ಒಂದೊಂದು ಕಾಲಕ್ಕೆ ಒಂದೊಂದು ರೋಗ.

ಇನ್ನು ರೇಟು. ಎಲ್ರೂ ಕೇಳೋದು ಕೆಜಿಗೆಷ್ಟು ಅಂತ. ಕೆಜಿ ಲೆಕ್ಕದಲ್ಲಿ ಕೊಟ್ರೆ ಏನಾಗುತ್ತೆ ಗೊತ್ತಾ, ರೆಸಿನ್ ಜಾಸ್ತಿ ಸುರಿದಷ್ಟೂ, ಪೌಡರ್ ಕಲೆಸಿದಷ್ಟೂ ಲಾಭ. ಗ್ಲಾಸ್ ದುಬಾರಿ, ಸುಣ್ಣದಪುಡಿ ಸೋವಿ. ಬಾಗಿಲು, ಬೋರ್ಡು, ಚೇರಿಗೆ ನಡೀತದೆ. ತಿರುಗೋ ಬ್ಲೇಡಿಗೂ ಕೆಜಿ ಲೆಕ್ಕ ಕೇಳಿದ್ರೆ ಯಾರ ತಪ್ಪು?

ಅಂತರಸನಹಳ್ಳಿ_ಶೆಡ್
ಅಂದ್ರೆ ಕಸ್ಟಮರ್ ತಪ್ಪು ಅಂತೀಯ ಹಂಗಾದ್ರೆ, ಚೆನ್ನಾಗೈತೆ ಗುರು ನ್ಯಾಯ

ರೋಲರ್_ಕೈ
ಹಂಗಲ್ಲ ಕಣಣ್ಣ, ಫ್ಯಾನ್ ಬ್ಲೇಡು ಅಂತ ಗೊತ್ತಿದ್ದೂ ಪೌಡರ್ ಹಾಕಿದ್ರೆ ಮಾಡಿದವ್ನ ತಪ್ಪೇ. ನಾನು ಹಾಕಲ್ಲ. ಆದ್ರೆ ನನ್ನ ರೇಟ್ ಕೇಳಿ ಎದ್ದು ಹೋದವ್ರು ಎಷ್ಟು ಜನವೋ, ಅದನ್ನೂ ಹೇಳ್ಬೇಕಲ್ಲ.

ಮಧುಗಿರಿ_ಟ್ಯಾಂಕು
ನಮ್ಮ ಮನೆ ಮೇಲಿನ ಫೈಬರ್ ಟ್ಯಾಂಕು 15 ವರ್ಷದಿಂದ ಬಿಸಿಲಲ್ಲಿ ನಿಂತಿದೆ ಒಂದು ಬಿರುಕಿಲ್ಲ. ಫೈಬರ್ ಗಟ್ಟಿನೇ, ಮಾಡೋರು ಸರಿ ಇಲ್ಲ ಅಷ್ಟೇ

ನರಸಾಪುರ_ಕ್ವಾಲಿಟಿ
ಅದು ಕಪ್ಪು ಬಣ್ಣದ ಟ್ಯಾಂಕಾದ್ರೆ ಫೈಬರೇ ಅಲ್ಲ ಬ್ರದರ್, ಪಾಲಿಎಥಿಲೀನ್ ಪ್ಲಾಸ್ಟಿಕ್ಕು, ಮೋಲ್ಡಲ್ಲಿ ಪುಡಿ ಹಾಕಿ ಬಿಸಿ ಮಾಡಿ ತಿರುಗಿಸಿ ಮಾಡೋದು. ಅದರಲ್ಲಿ ಗ್ಲಾಸೂ ಇಲ್ಲ ಪದರಾನೂ ಇಲ್ಲ. ಅದೂ ಅಲ್ದೆ ಟ್ಯಾಂಕು ನಿಂತಲ್ಲೇ ನಿಂತಿರುತ್ತೆ, ದಿನಕ್ಕೆ ಒಂದ್ಸಲ ತುಂಬುತ್ತೆ ಖಾಲಿ ಆಗುತ್ತೆ.

ಮಧುಗಿರಿ_ಟ್ಯಾಂಕು
ಕಪ್ಪೇ. ಅಂಗಡಿಯವ್ನು ಫೈಬರ್ ಅಂತಾನೇ ಕೊಟ್ಟಿದ್ದು 😀

ಸಿರಾ_ಗಾಳಿ
ನಾನು ಚಿತ್ರದುರ್ಗದ ಕಡೆ ವಿಂಡ್‌ಮಿಲ್ ಬ್ಲೇಡ್ ಇನ್ಸ್‌ಪೆಕ್ಷನ್ ಮಾಡ್ತೀನಿ, ಹಗ್ಗದಲ್ಲಿ ನೇತಾಡೋ ಕೆಲಸ. ಶಿರಾ ರೋಡಲ್ಲಿ ಉದ್ದುದ್ದ ಟ್ರೈಲರಲ್ಲಿ ಹೋಗುತ್ತಲ್ಲ, ಅದೇ ಬ್ಲೇಡು. ಅದೂ ಗ್ಲಾಸ್ ಫೈಬರೇ. ನಿಮಿಷಕ್ಕೆ 15 ಸುತ್ತು ಅಂದ್ರೂ 20 ವರ್ಷ ನಿಲ್ಲದೆ ತಿರುಗಿದ್ರೆ ಸುಮಾರು 15.8 ಕೋಟಿ ಸುತ್ತು, ಒಂದೊಂದು ಸುತ್ತಿಗೂ ಬ್ಲೇಡಿನ ಸ್ವಂತ ತೂಕವೇ ಒಂದ್ಸಲ ಈ ಅಂಚನ್ನ ಎಳೆದು ಇನ್ನೊಂದ್ಸಲ ಒತ್ತುತ್ತೆ. ಅದಕ್ಕೇ ಅಲ್ಲಿ ಗುಳ್ಳೆಗಿಂತ ಜಾಸ್ತಿ ಹೆದರೋದು ಸುಕ್ಕಿಗೆ. ಬಟ್ಟೆ ಹಾಸುವಾಗ ಒಳಗೆ ಒಂದು ಮಡಿಕೆ ಉಳೀತು ಅಂದ್ರೆ ಎಳೆ ನೆಟ್ಟಗಿರಲ್ಲ, ಅಲೆ ಥರ ಏರಿ ಇಳಿದಿರುತ್ತೆ. ಎಳೆದಾಗ ಹೆಂಗೋ ತಡ್ಕೊಳ್ಳುತ್ತೆ, ಒತ್ತಿದಾಗ ಆ ಮಡಿಕೆಯಲ್ಲೇ ಮಡಚ್ಕೊಂಡು ಹೋಗುತ್ತೆ. ಮೇಲೆ ಪೇಂಟ್ ಹೊಡೆದ ಮೇಲೆ ಕಣ್ಣಿಗೆ ಕಾಣಲ್ಲ, ಅಲ್ಟ್ರಾಸೌಂಡ್ ಬೇಕು.

ನಿಮ್ಮ ಬ್ಲೇಡು ಬುಡದಲ್ಲಿ ಹೋಗಿದೆ ಅಂದ್ರೆ ನನಗೆ ಮೊದಲ ಅನುಮಾನ ಅದೇ. ದುಂಡಗಿನ ಬುಡದಿಂದ ಚಪ್ಪಟೆ ರೆಕ್ಕೆಗೆ ತಿರುಗೋ ಜಾಗದಲ್ಲಿ ಬಟ್ಟೆ ಸುಕ್ಕಾಗದೆ ಕೂರೋದು ಕಷ್ಟ. ಸುಮ್ನೆ ಒಂದನ್ನ ಅಡ್ಡ ಕೊಯ್ದು ಪಾಲಿಶ್ ಮಾಡಿ ನೋಡಿ.

ಹಳೇ_ಫಿಟ್ಟರ್
ಸುಕ್ಕು ಎಷ್ಟು ಇರಬಹುದು, ಒಂದೆರಡು ಡಿಗ್ರಿ. ಅಷ್ಟಕ್ಕೆಲ್ಲ ಮುರಿಯುತ್ತಾ? ನಂಬಕ್ಕಾಗಲ್ಲ.

ಕಾಂಪೊಸಿಟ್_ಮೇಡಂ
ಮುರಿಯುತ್ತೆ ಸರ್. ಒತ್ತುವ ಲೋಡಲ್ಲಿ ಎಳೆಯನ್ನ ಅಕ್ಕಪಕ್ಕಕ್ಕೆ ಜಾರದಂಗೆ ಹಿಡಿದಿರೋದು ರೆಸಿನ್ ಮಾತ್ರ. ಎಳೆ ವಾರೆ ಇದ್ದಷ್ಟೂ ರೆಸಿನ್ ಮೇಲೆ ಅಡ್ಡ ಬಲ ಜಾಸ್ತಿ. 1 ಡಿಗ್ರಿ ವಾರೆ ಇದ್ದದ್ದು 3 ಡಿಗ್ರಿ ಆದ್ರೆ ಒತ್ತು ತಾಳುವ ಶಕ್ತಿ ಅರ್ಧದ ಹತ್ತಿರಕ್ಕೆ ಬರುತ್ತೆ, ಲೆಕ್ಕದಲ್ಲೂ ಬರುತ್ತೆ ಲ್ಯಾಬಲ್ಲೂ ಬರುತ್ತೆ. ಅದೇ ತುಂಡನ್ನ ಎಳೆದು ಟೆಸ್ಟ್ ಮಾಡಿದ್ರೆ ಅಷ್ಟು ವ್ಯತ್ಯಾಸ ಕಾಣಲ್ಲ.

ಗುಳ್ಳೆ ಕಥೇನೂ ಹಿಂಗೇ. ಎಳೆ ಉದ್ದಕ್ಕೆ ಎಳೆದ್ರೆ ಲೋಡು ಹೊರೋದು ಗ್ಲಾಸು, ಗುಳ್ಳೆ ಇರೋದು ರೆಸಿನ್ನಲ್ಲಿ, ಸಂಬಂಧ ಕಮ್ಮಿ. ಅದಕ್ಕೇ ಮಾಡಿದವ್ರು ಗುಳ್ಳೆಯಿಂದ ಏನೂ ಆಗಲ್ಲ ಅಂತ ಧೈರ್ಯವಾಗಿ ಹೇಳಿದ್ದು, ಒಂದು ಟೆಸ್ಟಿಗೆ ಅದು ನಿಜ. ಪದರ ಪದರದ ನಡುವಿನ ಹಿಡಿತ ನೋಡಿದ್ರೆ ಬೇರೆ: ಗುಳ್ಳೆ 1 ಪರ್ಸೆಂಟ್ ಏರಿದ್ರೆ ಆ ಹಿಡಿತ ಸುಮಾರು 7 ಪರ್ಸೆಂಟ್ ಇಳಿಯುತ್ತೆ, 4 ಪರ್ಸೆಂಟ್ ಗುಳ್ಳೆವರೆಗೆ ಹೆಚ್ಚುಕಮ್ಮಿ ಇದೇ ಲೆಕ್ಕ. ವಿಮಾನದ ಭಾಗಗಳಿಗೆ 1–2 ಪರ್ಸೆಂಟ್ ದಾಟಿದ್ರೆ ವಾಪಸ್. ಕೈ ಲೇಅಪಲ್ಲಿ 5 ಇದ್ರೂ ಆಶ್ಚರ್ಯ ಇಲ್ಲ. ನಿಮ್ಮ ಬ್ಲೇಡ್ ಬುಡದಲ್ಲಿ ಆಕಾರ ತಿರುಗೋ ಕಡೆ ಪದರಗಳನ್ನ ಬಿಡಿಸೋ ಬಲವೇ ಇರೋದು. ಅಂದ್ರೆ ಗುಳ್ಳೆ ಎಲ್ಲಿ ಇರಬಾರದೋ ಅಲ್ಲೇ ಇದೆ. ತುದಿಯಲ್ಲಿ ಇದೇ ಗುಳ್ಳೆ ಇದ್ದಿದ್ರೆ ಬ್ಲೇಡು ವರ್ಷಗಟ್ಟಲೆ ಓಡ್ತಿತ್ತೇನೋ.

ನರಸಾಪುರ_ಕ್ವಾಲಿಟಿ
ಇನ್ನೊಂದು ಯಾರೂ ಹೇಳಿಲ್ಲ. ಮೂಟೆ ಟೆಸ್ಟಲ್ಲಿ ಬಾಗೋದು ಮಾತ್ರ ಇದೆ, ಎಳೆತ ಇಲ್ವೇ ಇಲ್ಲ. ಬ್ಲೇಡ್ ತೂಕ 3 ಕೆಜಿ, ಅದರ ಭಾರಕೇಂದ್ರ ಮಧ್ಯದಿಂದ 40 ಸೆಂಟಿಮೀಟರ್ ದೂರ ಅಂತ ಇಟ್ಕೊಳ್ಳಿ, 480 ಆರ್‌ಪಿಎಂಗೆ ಬುಡದ ಮೇಲೆ 300 ಕೆಜಿಗಿಂತ ಜಾಸ್ತಿ ಎಳೆತ ಬರುತ್ತೆ. ಇದು ಯಾವಾಗ್ಲೂ ಇರುತ್ತೆ, ಇದರ ಮೇಲೆ ಆ ಬಾಗಿ ಏಳೋದು. ಆಫ್ ಮಾಡಿ ಆನ್ ಮಾಡಿದ್ರೆ ಅದೂ ಒಂದು ದೊಡ್ಡ ಸೈಕಲ್. ಥರ್ಮೋಸ್ಟಾಟ್ ಮೇಲೆ ಫ್ಯಾನ್ ಪದೇ ಪದೇ ಟ್ರಿಪ್ ಆಗ್ತಿತ್ತಾ?

ಹುಣಸೆ_ಗೋದಾಮು
ರಾತ್ರಿ ಹೊತ್ತು ಆಗುತ್ತೆ, ಹೌದು. ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬಿಟ್ಕೊಂಡಿರೋ ಬ್ಲೇಡ್ ಹೆಂಗಿದ್ರೂ ಕಸ, ಕೊಯ್ಸಿ ಹೇಳ್ತೀನಿ.

ಕ್ಯಾತ್ಸಂದ್ರದವ್ನು
ಕೊಯ್ಯೋವಾಗ ಮಾಸ್ಕ್ ಹಾಕ್ಕೊಳ್ಳಿ, ಫುಲ್ ತೋಳಿನ ಶರ್ಟು. ಗ್ಲಾಸ್ ಪುಡಿ ಮೈಗೆ ಹತ್ತಿದ್ರೆ ಎರಡು ದಿನ ತಟ್ಟೆ ಇಡ್ಲೀನೂ ರುಚಿಸಲ್ಲ, ಬರೀ ಕೆರ್ಕೊಳ್ಳೋದೇ

ಗುಬ್ಬಿ_ಹುಡುಗ
ಉಳಿದ ತುಂಡು ಬಿಸಾಕ್ಬೇಡಿ ಸಾರ್! ಸಣ್ಣ ಪೀಸ್ ತೂಕ ಮಾಡಿ ಮಫಲ್ ಫರ್ನೇಸಲ್ಲಿ (ಲ್ಯಾಬಿನ ಕುಲುಮೆ) 565 ಡಿಗ್ರಿಗೆ ಸುಟ್ರೆ ರೆಸಿನ್ ಎಲ್ಲಾ ಹೋಗುತ್ತೆ ಗ್ಲಾಸ್ ಉಳಿಯುತ್ತೆ, ಎಎಸ್‌ಟಿಎಂ ಡಿ 2584 ಅಂತ ಟೆಸ್ಟ್ ಸ್ಟ್ಯಾಂಡರ್ಡ್ ಇದೆ. ಸುಡೋಕ್ಕೆ ಮುಂಚೆ ಡೆನ್ಸಿಟಿ ತಗೊಂಡಿದ್ರೆ ಗುಳ್ಳೆ ಪರ್ಸೆಂಟೂ ಲೆಕ್ಕ ಸಿಗುತ್ತೆ. ಯಾವ ಇಂಜಿನಿಯರಿಂಗ್ ಕಾಲೇಜ್ ಲ್ಯಾಬಲ್ಲಾದ್ರೂ ಆಗುತ್ತೆ.

ರೋಲರ್_ಕೈ
ಸುಟ್ಟಾದ ಮೇಲೆ ಉಳಿದಿದ್ದರ ಮೇಲೆ ಎರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ. ಬುರುಬುರು ನೊರೆ ಬಂತು ಅಂದ್ರೆ ಸುಣ್ಣದಪುಡಿ ಹಾಕವ್ರೆ ಅಂತ ಅರ್ಥ. ಗ್ಲಾಸಿಗೆ ನೊರೆ ಬರಲ್ಲ. ಪೌಡರ್ ಇದ್ರೆ ಅದನ್ನೂ ಗ್ಲಾಸ್ ತೂಕಕ್ಕೆ ಸೇರಿಸಿಬಿಡ್ತೀರ ಹುಷಾರು.

ಅಂತರಸನಹಳ್ಳಿ_ಶೆಡ್
ಅಷ್ಟೆಲ್ಲಾ ಯಾಕೆ, ಬಿರುಕು ಗ್ರೈಂಡ್ ಮಾಡಿ ರೆಸಿನ್ ಪುಟ್ಟಿ ತುಂಬಿ ಎರಡು ಲೇಯರ್ ಮ್ಯಾಟ್ ಹಾಕಿದ್ರೆ ಆಗೋಯ್ತು, ನಮ್ಮ ಬಸ್ ಬಂಪರೆಲ್ಲಾ ಹಂಗೇ ಮಾಡೋದು

ಸಿರಾ_ಗಾಳಿ
ಬಂಪರ್ ಕಳಚಿ ಬಿದ್ರೆ ರೋಡಲ್ಲಿ ಬೀಳುತ್ತೆ ಗುರು, ಇದು ಕಳಚಿದ್ರೆ ತಲೆ ಮೇಲೆ. ನಾವೂ ಬ್ಲೇಡ್ ರಿಪೇರಿ ಮಾಡ್ತೀವಿ, ಆದ್ರೆ ಕೆಟ್ಟ ಪದರ ಪೂರ್ತಿ ತೆಗೆದು ಇಳಿಜಾರಾಗಿ ಉಜ್ಜಿ, ಒಂದೊಂದು ಪದರನೂ ಮೊದಲಿದ್ದ ದಿಕ್ಕಲ್ಲೇ ಕೂರಿಸ್ತೀವಿ. ಇಳಿಜಾರು ಎಷ್ಟು ಉದ್ದ ಬೇಕಂದ್ರೆ ದೋಣಿ ಕೆಲಸಕ್ಕೇ ದಪ್ಪದ 12 ಪಟ್ಟು, ವಿಮಾನಕ್ಕೆ 20ರಿಂದ ಮೇಲೆ. ಇವರ ಬ್ಲೇಡ್ ಬುಡದಲ್ಲಿ ಅಷ್ಟು ಉಜ್ಜೋಕೆ ಜಾಗ ಎಲ್ಲೈತೆ, ಕ್ಲಾಂಪೇ ಅಡ್ಡ ಬರುತ್ತೆ. ಪುಟ್ಟಿಯಲ್ಲಿ ಎಳೆ ಇಲ್ಲ, ಬಿರುಕು ಮುಚ್ಚುತ್ತೆ ಅಷ್ಟೇ. ಮುಚ್ಚಿದ ಬಿರುಕು ಇನ್ನೂ ಅಪಾಯ, ಮುಂದಿನ ಸಲ ನೋಡಿದವ್ರಿಗೆ ಕಾಣೋದೇ ಇಲ್ಲ.

ಹಳೇ_ಫಿಟ್ಟರ್
ಇದನ್ನ ಒಪ್ತೀನಿ. ತಿರುಗೋದಕ್ಕೆ ತೇಪೆ ಬೇಡ.

ಹುಣಸೆ_ಗೋದಾಮು
ಅಪ್‌ಡೇಟ್. ಬುಡದಿಂದ ಒಂದು ಗೇಣು ಬಿಟ್ಟು ಅಡ್ಡ ಕೊಯ್ಸಿದೆ, ಒಂದು ಕಡೆ ಉದ್ದಕ್ಕೂ ಸೀಳಿಸಿದೆ. ನೀರು ಕಾಗದದಲ್ಲಿ ಉಜ್ಜಿ ಬಿಸಿಲಿಗೆ ಹಿಡಿದು ನೋಡಿದ್ವಿ. ಗುಳ್ಳೆ ಇವೆ, ಜಾಸ್ತಿ ಮ್ಯಾಟ್ ಪದರಗಳ ಮಧ್ಯ ಸಾಲಾಗಿ ಕೂತಿವೆ. ಆದ್ರೆ ಬಿರುಕು ಶುರುವಾಗಿರೋದು ಅಲ್ಲಿಂದ ಅಲ್ಲ. ಆಕಾರ ತಿರುಗೋ ಕಡೆ ನೇಯ್ದ ರೋವಿಂಗ್ (ದಪ್ಪ ಗ್ಲಾಸ್ ಎಳೆ) ಬಟ್ಟೆ ಒಂದು ಮಡಿಕೆ ಹಾಕ್ಕೊಂಡು ಕೂತಿದೆ, ಮಡಿಕೆ ಹಿಂದೆ ಬರೀ ರೆಸಿನ್ ಗಡ್ಡೆ, ಆ ಗಡ್ಡೆಯಿಂದ ಬಿರುಕು ಹೊರಟು ಗುಳ್ಳೆ ಸಾಲು ಹಿಡ್ಕೊಂಡು ಅಂಚಿಗೆ ಬಂದಿದೆ. ಸಿರಾ ಅಣ್ಣ ಹೇಳಿದ್ದೂ ಸರಿ, ಮೇಡಂ ಹೇಳಿದ್ದೂ ಸರಿ.

ಆಸಿಡ್ ಟೆಸ್ಟೂ ಆಯ್ತು. ನೊರೆ ಬಂತು.

ರೋಲರ್_ಕೈ
ನೊರೆ ಬಂತಾ!! ಫ್ಯಾನ್ ಬ್ಲೇಡಿಗೆ!! ಥೂ

ಕಾಂಪೊಸಿಟ್_ಮೇಡಂ
ಒಳ್ಳೇ ಕೆಲಸ ಮಾಡಿದ್ರಿ. ಇದೇ ನಿಜವಾದ ಉತ್ತರ: ಬಿರುಕು ಹುಟ್ಟೋಕೆ ಒಂದು ಡಿಫೆಕ್ಟ್, ಬೆಳೆಯೋಕೆ ಇನ್ನೊಂದು. ಮೊದಲು ರೆಸಿನ್ನಲ್ಲಿ ಸಣ್ಣ ಬಿರುಕುಗಳು, ನೀವು ನೋಡಿದ ಬಿಳುಪು ಅದೇ. ಆಮೇಲೆ ಪದರ ಬಿಡೋದು, ಬ್ಲೇಡು ಮೆತ್ತಗಾಗೋದು, ಕಡೆಗೆ ಎಳೆ ಹರಿಯೋದು. ಬೆಳ್ಳಗಾದ ಇನ್ನೊಂದು ಬ್ಲೇಡೂ ಅದೇ ದಾರಿಯಲ್ಲಿದೆ, ಉಳಿದೆರಡೂ ಅದೇ ಮೋಲ್ಡು ಅದೇ ಕೈ. ನಾಲ್ಕೂ ತೆಗೆಯಿರಿ. ನಿಮ್ಮ ಟವರಲ್ಲಿ ಬಿಸಿ ತೇವ ಬೇರೆ, ಕತ್ತರಿಸಿದ ಅಂಚು ರೆಸಿನ್ನಲ್ಲಿ ಮುಚ್ಚದೆ ಬಿಟ್ಟಿದ್ರೆ ನೀರು ಎಳೆ ಗುಂಟ ಒಳಗೆ ಹೋಗುತ್ತೆ, ಫಟೀಗ್ ಇನ್ನೂ ಬೇಗ.

ಗುಬ್ಬಿ_ಹುಡುಗ
ಹೊಸ ಬ್ಲೇಡ್ ಹಾಕಿದ ದಿನಾನೇ ಒಂದೊಂದನ್ನೂ ತಟ್ಟಿ ಫೋನಲ್ಲಿ ಸೌಂಡ್ ರೆಕಾರ್ಡ್ ಮಾಡಿ ಫ್ರೀಕ್ವೆನ್ಸಿ ಬರೆದಿಡಿ ಸಾರ್, ಫ್ರೀ ಆಪ್ ಇವೆ. ಬಿಗಿತ 10 ಪರ್ಸೆಂಟ್ ಇಳಿದ್ರೆ ಫ್ರೀಕ್ವೆನ್ಸಿ 5 ಪರ್ಸೆಂಟ್ ಇಳಿಯುತ್ತೆ. ಕಣ್ಣಿಗೆ ಕಾಣೋಕೆ ಮುಂಚೆನೇ ಗೊತ್ತಾಗಬಹುದು.

ಹಳೇ_ಫಿಟ್ಟರ್
ಕ್ಲಾಂಪ್ ಟೈಟ್ ಬದಲಾದ್ರೂ ಫ್ರೀಕ್ವೆನ್ಸಿ ಬದಲಾಗುತ್ತೆ ಮರಿ, ಪ್ರತಿ ಸಲ ಅದೇ ಟಾರ್ಕ್ ಇಟ್ಟು ನೋಡ್ಬೇಕು. ಆಪ್ ಇರ್ಲಿ, ನಾಣ್ಯದಲ್ಲಿ ಬುಡದ ಸುತ್ತ ತಟ್ಟಿಕೊಂಡು ಬರ್ಲಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪದರ ಬಿಟ್ಟಿರೋ ಕಡೆ ಡಬ್ ಅನ್ನುತ್ತೆ. ತಿಂಗಳಿಗೊಂದ್ಸಲ ಐದು ನಿಮಿಷದ ಕೆಲಸ.

ಹುಣಸೆ_ಗೋದಾಮು
ಎರಡೂ ಮಾಡ್ತೀನಿ. ಈಗ ಹೊಸದಕ್ಕೆ ಆರ್ಡರ್ ಕೊಡುವಾಗ ಏನು ಬರೆಸ್ಬೇಕು? ಓನರ್ ಅಲ್ಯೂಮಿನಿಯಂ ಹಾಕು ಫೈಬರ್ ಸಹವಾಸ ಬೇಡ ಅಂತವ್ರೆ.

ನರಸಾಪುರ_ಕ್ವಾಲಿಟಿ
ಅಲ್ಯೂಮಿನಿಯಂಗೂ ಫಟೀಗ್ ಲಿಮಿಟ್ ಅನ್ನೋ ಗೆರೆ ಇಲ್ಲ ಅಂತ ಓನರ್‌ಗೆ ಹೇಳಿ. ಫೈಬರ್ ಕೆಟ್ಟದ್ದಲ್ಲ, 1981ರಲ್ಲೇ ಕಾರ್ವೆಟ್ ಕಾರಿನ ಹಿಂದಿನ ಲೀಫ್ ಸ್ಪ್ರಿಂಗ್ ಗ್ಲಾಸ್ ಫೈಬರಲ್ಲಿ ಮಾಡಿದ್ರು, ಸುಮಾರು 18 ಕೆಜಿ ಸ್ಟೀಲ್ ಬದಲು ನಾಲ್ಕು ಕೆಜಿಗಿಂತ ಕಮ್ಮಿ. ಸ್ಪ್ರಿಂಗಿಗಿಂತ ಫಟೀಗ್ ಕೆಲಸ ಬೇಕಾ?

ರೋಲರ್_ಕೈ
ಬರೆಸೋದು: ಪೌಡರ್ ಇಲ್ಲದ ವಿನೈಲ್ ಎಸ್ಟರ್ ಇಲ್ಲಾ ಎಪಾಕ್ಸಿ ರೆಸಿನ್, ಕೈ ಲೇಅಪ್ ಬೇಡ ವ್ಯಾಕ್ಯೂಮ್ ಇನ್ಫ್ಯೂಶನ್ (ಗಾಳಿ ಎಳೆದು ರೆಸಿನ್ ಒಳಗೆ ಹೀರಿಸೋದು), ಬುಡದಲ್ಲಿ ಉದ್ದ ಎಳೆ ಒಂದೇ ತುಂಡಾಗಿ ರೆಕ್ಕೆವರೆಗೆ ಹೋಗ್ಬೇಕು, ಪದರಗಳೆಲ್ಲಾ ಒಂದೇ ಕಡೆ ಮುಗಿಸದೆ ಒಂದೊಂದಾಗಿ ಹಿಂದೆ ಮುಂದೆ ಮುಗಿಸ್ಬೇಕು, ಅಂಚು ಸೀಲ್. ಬಣ್ಣ ಹಾಕದ ಒಂದು ಬ್ಲೇಡು ಜಾಸ್ತಿ ಮಾಡ್ಸಿ, ಅದರ ಹಿಂದೆ ಟಾರ್ಚ್ ಹಿಡಿದ್ರೆ ಗುಳ್ಳೆ ಸುಕ್ಕು ಎಲ್ಲಾ ಕಾಣುತ್ತೆ, ಆಮೇಲೆ ಅದನ್ನ ಕೊಯ್ದು ನೋಡಿ. ಕೆಜಿ ರೇಟ್ ಕೇಳಲೇಬೇಡಿ, ಬ್ಲೇಡಿಗಿಷ್ಟು ಅಂತ ಮಾತಾಡಿ.

ಅಂತರಸನಹಳ್ಳಿ_ಶೆಡ್
ಒಂದು ಬ್ಲೇಡ್ ಕೊಯ್ಯೋಕೇ ದುಡ್ಡು ಕೊಡ್ಬೇಕಾ, ಓನರ್ ಒಪ್ದಂಗೇ

ಹುಣಸೆ_ಗೋದಾಮು
ಕೊಯ್ದ ಬ್ಲೇಡು ಅವರ ಟೇಬಲ್ ಮೇಲೇ ಇಟ್ಟಿದ್ದೀನಿ, ಒಪ್ತಾರೆ. ಒಂದು ರೂಮಿನ ಹಣ್ಣು ಬೆವರಿದ್ರೆ ಹೋಗೋ ದುಡ್ಡಿನ ಮುಂದೆ ಒಂದು ಬ್ಲೇಡು ಏನೂ ಅಲ್ಲ.

ಹಳೇ_ಫಿಟ್ಟರ್
ಹೊಸ ಸೆಟ್ ಬಂದಾಗ ನಾಲ್ಕೂ ತೂಕ ಮಾಡಿ, ಹಬ್‌ಗೆ ಹಾಕಿ ಬ್ಯಾಲೆನ್ಸ್ ಮಾಡ್ಸಿ. ಹಳೇದು ಮಾಡ್ಸಿದ್ರಾ?

ಹುಣಸೆ_ಗೋದಾಮು
ಬಂದಾಗ ಒಂದೊಂದೂ ತೂಕ ಹಾಕಿ ಬರೆದಿಟ್ಟಿದ್ದೆ ಸಾರ್, ಭಾರದಲ್ಲಿ ಅಂಥಾ ವ್ಯತ್ಯಾಸ ಇರ್ಲಿಲ್ಲ. ಈ ಸಲ ಹಬ್ ಸಮೇತ ಬೆಂಗಳೂರಿಗೆ ಕಳಿಸ್ತೀನಿ.